ತಾರಸಿಯ ಮೇಲಿನ ಉತ್ತರ

ಹೆಣ್ಣು ನೋಡಲು ಬಂದ ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಕಾಲೇಜಲ್ಲಿ ಈಗ ಯಾವ ಪಾಠ ಮಾಡ್ತಿದೀಯಮ್ಮ?" ಎಂದರು.

"ಬೀಜಗಣಿತದಲ್ಲಿ ಫಲನ, ಆಂಟಿ. ಒಂದು ಸಂಖ್ಯೆ ಹಾಕಿದ್ರೆ ಒಂದೇ ಉತ್ತರ ಬರಬೇಕು. ಅದೇ ಸಂಖ್ಯೆಗೆ ಎರಡು ಉತ್ತರ ಬಂದ್ರೆ ಅದು ಫಲನ ಅಲ್ಲ," ಎಂದಳು ವೈಜಯಂತಿ.

ಮಾತಾಡಿಕೊಳ್ಳಲಿ ಎಂದು ಹಿರಿಯರು ಇಬ್ಬರನ್ನೂ ತಾರಸಿಗೆ ಕಳಿಸಿದರು. ಅವಳು ಕೇಳಬೇಕೆಂದುಕೊಂಡದ್ದು ಒಂದೇ. "ಮದುವೆ ಆದ್ಮೇಲೂ ನಾನು ಕೆಲಸಕ್ಕೆ ಹೋಗಬಹುದಾ?"

"ಧಾರಾಳವಾಗಿ," ಎಂದ ಹುಡುಗ. ನಗು ಚೆನ್ನಾಗಿತ್ತು. ಮೆಟ್ಟಿಲಿಳಿಯುವಷ್ಟರಲ್ಲಿ ಅವಳ ಮನಸ್ಸು ಮುಕ್ಕಾಲು ಒಪ್ಪಿಯಾಗಿತ್ತು.

ಆದರೂ ಲೆಕ್ಕದ ಟೀಚರ್ ಚಾಳಿ ಬಿಡಬೇಕಲ್ಲ. ನಡುಮನೆಯಲ್ಲಿ ಎಲ್ಲರೆದುರು ಅದನ್ನೇ ಮತ್ತೊಮ್ಮೆ ಕೇಳಿದಳು.

ಹುಡುಗ ತಾಯಿಯ ಮುಖ ನೋಡಿದ. "ಅದು ಅಮ್ಮ ಹೇಳಿದ ಹಾಗೆ."

"ಮೇಲೆ ಧಾರಾಳವಾಗಿ ಅಂದ್ರಲ್ಲ?"

ಅವನು ಕಾಫಿ ಲೋಟ ಎತ್ತಿಕೊಂಡ. ಎಲ್ಲರೂ ತಾಯಿಯತ್ತ ತಿರುಗಿದರು.

"ಬೇಡಮ್ಮ," ಎಂದರು ಆಕೆ.

ವೈಜಯಂತಿಯ ಮುಖ ಸಪ್ಪಗಾಯಿತು. "ಕೆಲಸ ಬೇಡ್ವಾ, ಆಂಟಿ?"

"ಇವನು ಬೇಡ," ಎಂದು ಆಕೆ ಸೆರಗು ಸರಿಮಾಡಿಕೊಂಡು ಎದ್ದರು. "ಇವನಪ್ಪನೂ ಹೀಗೇ ಎರಡು ಉತ್ತರ ಕೊಟ್ಟಿದ್ರು. ಆಗ ನಾನು ಹೈಸ್ಕೂಲಲ್ಲಿ ಲೆಕ್ಕದ ಟೀಚರ್."