ದನದ ಉಪ್ಪು

ಕೊಟ್ಟಿಗೆಗೆ ನುಗ್ಗಿದ ಜಡಯ್ಯ ಅವ್ವ ರಂಗಿಯ ಕೈಯನ್ನು ಗಬಕ್ಕನೆ ಹಿಡಿದುಕೊಂಡ. ಬಸುರಿ ಹೆಂಡತಿ ಪುಷ್ಪಳಿಗೆಂದು ನರ್ಸಮ್ಮ ಕೊಟ್ಟಿದ್ದ ಅಯೋಡಿನ್ ಉಪ್ಪನ್ನು ಅವ್ವ ಹಸುವಿನ ಕಲಗಚ್ಚಿಗೆ ಸುರಿಯುತ್ತಿದ್ದಳು. “ತಲೆಗಿಲೆ ಕೆಟ್ಟದಾ ನಿಂಗೆ? ಉಟ್ಟೋ ಕೂಸು ಮಂಕಾಗ್ಬಾರ್ದು ಅಂತ ಕೊಟ್ರೆ ದನಕ್ಕೆ ತಿನ್ನಿಸ್ತಿದ್ದೀಯಲ್ಲ!”

ರಂಗಿ ಜಗ್ಗಲಿಲ್ಲ. “ಬಿಟ್ಟಿ ಕೊಟ್ಟಿದ್ದ ದನಕ್ಕಾಕ್ದೆ ನನ್ ಸೊಸೆಗೆ ಆಕ್ಲಾ? ಅವಳಿಗೇಂತ ಜೇನು ಮಾರಿ ಯಳಂದೂರಿಂದ ಕಲ್ಲುಪ್ಪು ಒತ್ಕೊಂಡ್ ಬಂದೀನಿ ಕಣ್ಲಾ. ನಿನ್ನ ಎತ್ತಾಗ ನಾನ್ ತಿಂದದ್ದೂ ಅದೇಯ.”

ಬಾಯಿತನಕ ಬಂದಿದ್ದ ಬೈಗುಳವನ್ನು ಜಡಯ್ಯ ನುಂಗಿಕೊಂಡ. ಅವ್ವನ ಕೊರಳಲ್ಲಿ ಮಾವಿನಕಾಯಿ ಗಾತ್ರದ ಗಡ್ಡೆ ಮಾತಿಗೊಮ್ಮೆ ಏರಿಳಿಯುತ್ತಿತ್ತು. ಹುಟ್ಟಿದಾಗಿನಿಂದ ನೋಡುತ್ತಿದ್ದರೂ ಒಂದು ದಿನವೂ ಅವನು ಅದನ್ನು ಮುಟ್ಟಿರಲಿಲ್ಲ. ಈಗ ಮೆಲ್ಲಗೆ ಕೈಯಿಟ್ಟ. “ಅವ್ವಾ, ಈ ಉಪ್ಪಲ್ಲಿರೋ ಔಸ್ದಿ ಆ ಕಲ್ಲುಪ್ಪಲ್ಲಿಲ್ಲ. ಅದ್ಕೇ ನಿಂಗೆ ಇದು ಬಂದದ್ದಂತೆ.”

ಒಳಗೆ ಸೊಸೆ ಒಲೆ ಊದುವ ಸದ್ದು ಕೇಳುತ್ತಿತ್ತು. ರಂಗಿ ಉಪ್ಪಿನ ಪ್ಯಾಕೆಟ್ಟಿನ ಬಾಯನ್ನು ಬಿಗಿಯಾಗಿ ಮಡಚಿ ಮಗನ ಕೈಗಿತ್ತು ಒಳಗೆ ಹೋದಳು. ಕಲ್ಲುಪ್ಪಿನ ಗಂಟನ್ನು ಎದೆಗವಚಿ ತಂದು ಹಸುವಿನ ಪಕ್ಕದಲ್ಲಿ ಇಳಿಸಿದಳು.

“ಇನ್ ಇದು ದನಕ್ಕೆ,” ಎಂದಳು.