ಯುದ್ಧನೌಕೆಯೂ ಅಪ್ಪಯ್ಯನ ದೋಣಿಯೂ

2004ರಲ್ಲಿ, ಎಂಟನೇ ತರಗತಿಗೆ ನಾನು ಓದು ಬಿಟ್ಟೆ. ಬಿಸಿ ಡಾಂಬರಿನ ವಾಸನೆ ಬಂದರೆ ಈಗಲೂ ಆ ಬೇಸಿಗೆಯ ಒಂದು ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ನರಸಿಂಹರಾಜಪುರದ ಹಿನ್ನೀರಿನ ದಡದಲ್ಲಿ ಅಪ್ಪಯ್ಯ ಮೀನು ಹಿಡಿಯಲು ಹೊಸ ದೋಣಿ ಕಟ್ಟುತ್ತಿದ್ದರು. ಪಕ್ಕದಲ್ಲಿ ದೋಣಿಗೆ ಬಳಿಯುವ ಡಾಂಬರು ಕುದಿಯುತ್ತಿತ್ತು. ನೌಕಾಪಡೆಯಿಂದ ನಿವೃತ್ತರಾಗಿದ್ದ ಮಾವ ಹಳೆಯ ಕಾಲದ ದೈತ್ಯ ಯುದ್ಧನೌಕೆಗಳನ್ನು ಹೊಗಳುತ್ತಿದ್ದರು.

“ಮೊಳದಷ್ಟು ದಪ್ಪ ಉಕ್ಕಿನ ಗೋಡೆ, ಭಾವ. ಕಣ್ಣಿಗೆ ಕಾಣದಷ್ಟು ದೂರಕ್ಕೆ ಗುಂಡು ಹೊಡೀತಿದ್ವು.”

“ಹಂಗಾದ್ರೆ ನಮ್ದೂ ದೊಡ್ಡದೇ ಆಗ್ಲಿ,” ಎಂದು ಅಪ್ಪಯ್ಯ ಉದ್ದದ ಹಲಗೆ ಎಳೆದರು.

“ಅವು ಮುಳುಗ್ಲೇ ಇಲ್ವಾ ಮಾವ?” ಎಂದೆ.

“ಮುಳುಗಿದ್ವು ಮಾರಾಯ. ಸಣ್ಣ ಸಣ್ಣ ವಿಮಾನ ಬಂದು ಬಾಂಬು ಹಾಕಿದ್ವು. ಆಳ ಇಲ್ಲದ ಕಡೆ ಹೋಗೋಕೂ ಆಗ್ತಿರ್ಲಿಲ್ಲ.”

ನಾನು ಇದ್ದಿಲಿನಿಂದ ಹಲಗೆಯ ಮೇಲೆ ಹನ್ನೆರಡು ಅಡಿಗೆ ಗೀಟು ಎಳೆದೆ. “ಇಲ್ಲಿಗೆ ಕೊಯ್ಯಿ ಅಪ್ಪಯ್ಯ. ಬೇಸಿಗೇಲಿ ನೀರಿಳಿದ್ರೆ ಮುಳುಗಿದ ಕಾಡಿನ ಬೊಡ್ಡೆ ಎಲ್ಲ ಮೇಲೆ ಬರ್ತವೆ. ದೊಡ್ಡದು ಸಿಕ್ಕಿ ಒಡೀತದೆ.”

“ಶಾಲೆ ಬಿಟ್ಟೋನು ಇಂಜಿನಿಯರ್ ಆದ ನೋಡು! ಮಳೆಗಾಲದ ಅಲೆಗೆ ಸಣ್ಣದು ನಿಲ್ತದಾ?” ಎಂದರು ಅಪ್ಪಯ್ಯ.

“ಅಲೆ ಇದ್ದ ದಿನ ದಡದಲ್ಲೇ ಇರ್ತೀನಿ,” ಎಂದು ಹಲಗೆಯ ಮೇಲೆಯೇ ಕುಳಿತೆ, ಏಳಲಿಲ್ಲ.

ಮಾವ ನಕ್ಕರು. ಅಪ್ಪಯ್ಯ ಗರಗಸವನ್ನು ಗೀಟಿನ ಮೇಲಿಟ್ಟರು.

ಈಗ ನನ್ನ ಬಳಿ ಹನ್ನೊಂದು ಬಲೆ, ಮೂರು ದೋಣಿ ಇವೆ. ಮೂರೂ ಹನ್ನೆರಡು ಅಡಿಯವು.