ಮೂರನೆಯ ರೂಪ

ಆ ದಿನ ಬೆಳಿಗ್ಗೆ ಮಂಜು ತರಗತಿಯ ಕಿಟಕಿಗೇ ಅಂಟಿಕೊಂಡಿತ್ತು. ಲ್ಯಾಟಿನ್ ಮೇಷ್ಟ್ರು ‘ಒಳ್ಳೆಯ’ ಎಂಬ ಪದದ ಮೂರು ಲಿಂಗಗಳ ರೂಪಗಳನ್ನು ಹೇಳಿಕೊಡುತ್ತಿದ್ದರು: “ಬೊನುಸ್, ಬೊನಾ...” ಮಕ್ಕಳು ರಾಗವಾಗಿ ಹೇಳಿ ಕಾದರು. ಮೂರನೆಯದು ಬರಲಿಲ್ಲ. ಆ ಪದದ ಮೊಮ್ಮಕ್ಕಳಾದ ಇಟಾಲಿಯನ್ ಭಾಷೆಯ ಬ್ವೋನೊ, ಸ್ಪ್ಯಾನಿಷ್ ಭಾಷೆಯ ಬ್ವೇನೊ ಮೇಷ್ಟ್ರ ನಾಲಿಗೆಗೆ ಬಂದವು, ಅದೊಂದು ಬರಲೊಲ್ಲದು.

ಮುಂದಿನ ಬೆಂಚಿನ ಹುಡುಗಿ ಎದ್ದು, “ಬೊನುಮ್. ನಮ್ಮನ್ನ ಪರೀಕ್ಷೆ ಮಾಡ್ತಿದೀರಾ ಅಂತ ಗೊತ್ತು ಬಿಡಿ ಸಾರ್,” ಎಂದಳು. ಹೂಂ ಅಂದಿದ್ದರೆ ಮೇಷ್ಟ್ರ ಮಾನ ಉಳಿಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರ ಹಳೆಯ ಶಿಷ್ಯ ತಲೆ ತಗ್ಗಿಸಿದ. ಹೋದ ವರ್ಷವೇ ಮೇಷ್ಟ್ರ ಕುರ್ಚಿಗೆ ನೇಮಕವಾಗಿದ್ದರೂ ಗುರುವನ್ನು ಎಬ್ಬಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ.

“ಪರೀಕ್ಷೆ ಅಲ್ಲಮ್ಮ, ಮರೆತೇಹೋಯ್ತು,” ಎಂದರು ಮೇಷ್ಟ್ರು. ದೇವರನ್ನು ನೆನೆದವರಂತೆ ಅರೆಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ ನಡೆದು ಹೋಗಿ, ತರಗತಿಯ ಬೀಗದಕೈಯನ್ನು ಶಿಷ್ಯನ ಅಂಗೈಯಲ್ಲಿಟ್ಟರು.

“ತಗೋಪ್ಪ. ನಿಂದನ್ನ ಇಷ್ಟು ದಿನ ನಾನಿಟ್ಕೊಂಡಿದ್ದೆ.”